ಸುಧಾರಿತ ಡಿಜಿಟಲ್ ಫಾಂಟ್ ಸ್ವರೂಪಗಳ ಅಳವಡಿಕೆ

ಸುಧಾರಿತ ಡಿಜಿಟಲ್ ಫಾಂಟ್ ಸ್ವರೂಪಗಳು ಎಂದರೆ ಅಕ್ಷರಗಳ ಆಕಾರದ ಜೊತೆಗೆ ಅವುಗಳನ್ನು ಜೋಡಿಸುವ, ಬದಲಿಸುವ ಮತ್ತು ಸ್ಥಾನಪಲ್ಲಟಗೊಳಿಸುವ ನಿಯಮಗಳನ್ನೂ ಒಳಗೊಂಡಿರುವ ಗಣಕ ಕಡತಗಳ ಸ್ವರೂಪಗಳು. ಓಪನ್‌ಟೈಪ್, ಆಪಲ್ ಅಡ್ವಾನ್ಸ್ಡ್ ಟೈಪೋಗ್ರಫಿ, ಗ್ರಾಫೈಟ್, ವೇರಿಯಬಲ್ ಫಾಂಟ್ ಮತ್ತು ಬಣ್ಣದ ಫಾಂಟ್ ಈ ವರ್ಗಕ್ಕೆ ಸೇರುತ್ತವೆ. ಇವುಗಳ ತಾಂತ್ರಿಕ ಶ್ರೇಷ್ಠತೆಯ ಬಗ್ಗೆ ಹೆಚ್ಚಿನ ವಿವಾದವಿಲ್ಲ. ಆದರೂ ಪ್ರಕಟವಾದ ದಿನದಿಂದ ಸಾಮಾನ್ಯ ಬಳಕೆಗೆ ಬರುವವರೆಗೆ ಇವು ಹತ್ತು ಇಪ್ಪತ್ತು ವರ್ಷಗಳನ್ನು ತೆಗೆದುಕೊಂಡಿವೆ. 1996ರಲ್ಲಿ ಘೋಷಿತವಾದ ಓಪನ್‌ಟೈಪ್‌ನ ಸಂಯುಕ್ತಾಕ್ಷರ ಮತ್ತು ಶೈಲಿ ಆಯ್ಕೆಗಳು ಮೈಕ್ರೋಸಾಫ್ಟ್ ವರ್ಡ್ ತಂತ್ರಾಂಶದಲ್ಲಿ ದೊರೆತದ್ದು 2010ರ ಆವೃತ್ತಿಯಲ್ಲಿ.

ಫಾಂಟ್ ತಾನೊಂದೇ ಕೆಲಸ ಮಾಡುವುದಿಲ್ಲ. ಕಾರ್ಯಾಚರಣ ವ್ಯವಸ್ಥೆ, ಅನ್ವಯಿಕ ತಂತ್ರಾಂಶ, ಮುದ್ರಣ ಸಾಧನ ಮತ್ತು ಬಳಕೆದಾರರ ತಿಳಿವಳಿಕೆ ಒಟ್ಟಾಗಿ ಮುಂದುವರಿದಾಗ ಮಾತ್ರ ಹೊಸ ಸ್ವರೂಪದ ಪ್ರಯೋಜನ ಕಾಣುತ್ತದೆ. ರೋಮನ್ ಲಿಪಿಯಲ್ಲಿ ಈ ವಿಳಂಬದಿಂದ ನಷ್ಟವಾಗುವುದು ಹೆಚ್ಚಾಗಿ ಅಲಂಕಾರ. ಕನ್ನಡದಂತಹ ಲಿಪಿಗಳಲ್ಲಿ ಪಠ್ಯದ ಓದು, ಹುಡುಕಾಟ ಮತ್ತು ಸಂರಕ್ಷಣೆಗೇ ತೊಡಕಾಗುತ್ತದೆ.

== ಹಿನ್ನೆಲೆ ==

ಅಡೋಬ್ ಸಂಸ್ಥೆಯು 1984ರಲ್ಲಿ ಪೋಸ್ಟ್‌ಸ್ಕ್ರಿಪ್ಟ್ ಮುದ್ರಣ ಭಾಷೆಯೊಂದಿಗೆ ಟೈಪ್ 1 ಎಂಬ ಫಾಂಟ್ ಸ್ವರೂಪವನ್ನು ಹೊರತಂದಿತು. ಅಕ್ಷರಗಳ ಅಂಚನ್ನು ಗಣಿತದ ವಕ್ರರೇಖೆಗಳಲ್ಲಿ ವಿವರಿಸುತ್ತಿದ್ದುದರಿಂದ ಅಕ್ಷರಗಳನ್ನು ಯಾವ ಗಾತ್ರದಲ್ಲಿಯೂ ಸ್ಪಷ್ಟವಾಗಿ ಮುದ್ರಿಸಬಹುದಾಗಿತ್ತು. ಇದಕ್ಕೆ ಪ್ರತಿಯಾಗಿ ಆಪಲ್ ಟ್ರೂಟೈಪ್ ಸ್ವರೂಪವನ್ನು ರೂಪಿಸಿ 1991ರಲ್ಲಿ ಬಿಡುಗಡೆ ಮಾಡಿತು. 1992ರಲ್ಲಿ ವಿಂಡೋಸ್ 3.1 ಮೂಲಕ ಮೈಕ್ರೋಸಾಫ್ಟ್ ಕೂಡ ಅದನ್ನು ಬಳಕೆಗೆ ತಂದಿತು. ಈ ಸ್ಪರ್ಧೆಯ ಒತ್ತಡದಲ್ಲಿ ಅಡೋಬ್ ತಾನು ಗೋಪ್ಯವಾಗಿಟ್ಟಿದ್ದ ಟೈಪ್ 1 ವಿವರಣೆಯನ್ನು 1990ರಲ್ಲಿ ಬಹಿರಂಗಪಡಿಸಿತು.

ಈ ಕಾಲದ ಫಾಂಟ್‌ಗಳ ಸಾಮಾನ್ಯ ಬಳಕೆಯಲ್ಲಿ ಒಂದು ಸಂಕೇತಕ್ಕೆ ಒಂದು ಅಕ್ಷರರೂಪ ಎಂಬ ಸರಳ ಸಂಬಂಧವಿತ್ತು. ಎಂಟು ಬಿಟ್‌ಗಳ ಸಂಕೇತವ್ಯವಸ್ಥೆಯಲ್ಲಿ ಹೆಚ್ಚೆಂದರೆ 256 ಸ್ಥಾನಗಳಿದ್ದವು. ಇಂಗ್ಲಿಷ್ ಬರವಣಿಗೆಗೆ ಇಷ್ಟು ಸಾಕಾಗಿತ್ತು. ಅರಬ್ಬಿಯಂತೆ ಸ್ಥಾನಕ್ಕನುಗುಣವಾಗಿ ಅಕ್ಷರದ ರೂಪ ಬದಲಾಗುವ ಲಿಪಿಗಳಿಗೂ ಕಾಗುಣಿತ ಮತ್ತು ಒತ್ತಕ್ಷರಗಳಿರುವ ಭಾರತೀಯ ಲಿಪಿಗಳಿಗೂ ಇದು ಸಾಲುತ್ತಿರಲಿಲ್ಲ.

== ಪ್ರಮುಖ ಸ್ವರೂಪಗಳು ==

* ಮಲ್ಟಿಪಲ್ ಮಾಸ್ಟರ್: 1990ರ ದಶಕದ ಆರಂಭದಲ್ಲಿ ಅಡೋಬ್ ತಂದ ಟೈಪ್ 1 ವಿಸ್ತರಣೆ. ಒಂದೇ ಫಾಂಟ್‌ನಿಂದ ತೆಳು, ದಪ್ಪ, ಅಗಲ, ಕಿರಿದು ಹೀಗೆ ಹಲವು ರೂಪಗಳನ್ನು ಪಡೆಯಬಹುದಾಗಿತ್ತು.
* ಟ್ರೂಟೈಪ್ ಜಿಎಕ್ಸ್: ಆಪಲ್‌ನ ಕ್ವಿಕ್‌ಡ್ರಾ ಜಿಎಕ್ಸ್ ಭಾಗವಾಗಿ 1990ರ ದಶಕದ ನಡುವೆ ಬಂದದ್ದು. ಅಕ್ಷರಜೋಡಣೆಯ ನಿಯಮಗಳೂ ರೂಪ ವ್ಯತ್ಯಾಸದ ಸೌಲಭ್ಯವೂ ಇದರಲ್ಲಿದ್ದವು. ಮುಂದೆ ಇದರ ನಿಯಮ ಭಾಗವೇ ಆಪಲ್ ಅಡ್ವಾನ್ಸ್ಡ್ ಟೈಪೋಗ್ರಫಿ ಎಂದು ಉಳಿಯಿತು.
* ಓಪನ್‌ಟೈಪ್: 1996ರಲ್ಲಿ ಮೈಕ್ರೋಸಾಫ್ಟ್ ಮತ್ತು ಅಡೋಬ್ ಜಂಟಿಯಾಗಿ ಘೋಷಿಸಿದ ಸ್ವರೂಪ. ಟ್ರೂಟೈಪ್ ಹಾಗೂ ಪೋಸ್ಟ್‌ಸ್ಕ್ರಿಪ್ಟ್ ಎರಡೂ ಬಗೆಯ ರೇಖಾವಿನ್ಯಾಸಗಳಿಗೆ ಇದರಲ್ಲಿ ಅವಕಾಶವಿದೆ. 2007ರಲ್ಲಿ ಇದನ್ನಾಧರಿಸಿದ ಅಂತರರಾಷ್ಟ್ರೀಯ ಮಾನಕ ಪ್ರಕಟವಾಯಿತು.
* ಗ್ರಾಫೈಟ್: ಅಲ್ಪಸಂಖ್ಯಾತ ಭಾಷೆಗಳ ಲಿಪಿಗಳಿಗಾಗಿ ಎಸ್‌ಐಎಲ್ ಸಂಸ್ಥೆ ರೂಪಿಸಿದ ಮುಕ್ತ ತಂತ್ರಜ್ಞಾನ.
* ವೇರಿಯಬಲ್ ಫಾಂಟ್: ಅಡೋಬ್, ಆಪಲ್, ಗೂಗಲ್ ಮತ್ತು ಮೈಕ್ರೋಸಾಫ್ಟ್ 2016ರ ಸೆಪ್ಟೆಂಬರ್‌ನಲ್ಲಿ ಒಟ್ಟಾಗಿ ಘೋಷಿಸಿದ ಓಪನ್‌ಟೈಪ್ 1.8ರ ಭಾಗ.
* ವೋಫ್: ಜಾಲತಾಣಗಳಿಗೆ ಫಾಂಟ್‌ಗಳನ್ನು ಸಂಕುಚಿಸಿ ಕಳುಹಿಸುವ ಸ್ವರೂಪ. ಇದು 2012ರಲ್ಲಿ, ಎರಡನೆಯ ಆವೃತ್ತಿ 2018ರಲ್ಲಿ ಡಬ್ಲ್ಯು3ಸಿ ಶಿಫಾರಸುಗಳಾದವು.

== ವಿಳಂಬದ ಕಾರಣಗಳು ==

=== ಪರಸ್ಪರ ಅವಲಂಬನೆ ===

ಫಾಂಟ್ ಕಡತದಲ್ಲಿರುವ ನಿಯಮಗಳನ್ನು ಓದಿ ಪಾಲಿಸುವ ಕೆಲಸ ಅಕ್ಷರಜೋಡಣಾ ಎಂಜಿನ್‌ನದು. ವಿಂಡೋಸ್‌ನಲ್ಲಿ ಯೂನಿಸ್ಕ್ರೈಬ್ ಮತ್ತು ಡೈರೆಕ್ಟ್‌ರೈಟ್, ಆಪಲ್ ಗಣಕಗಳಲ್ಲಿ ಕೋರ್ ಟೆಕ್ಸ್ಟ್, ಲಿನಕ್ಸ್, ಆಂಡ್ರಾಯ್ಡ್ ಹಾಗೂ ಹಲವು ಬ್ರೌಸರ್‌ಗಳಲ್ಲಿ ಹಾರ್ಫ್‌ಬಜ್ ಈ ಕೆಲಸ ಮಾಡುತ್ತವೆ. ಅನ್ವಯಿಕ ತಂತ್ರಾಂಶ ಇವನ್ನು ಬಳಸದೆ ತನ್ನದೇ ವಿಧಾನದಲ್ಲಿ ಅಕ್ಷರ ಮೂಡಿಸಿದರೆ ಫಾಂಟ್‌ನಲ್ಲಿರುವ ನಿಯಮಗಳು ನಿಷ್ಪ್ರಯೋಜಕವಾಗುತ್ತವೆ. ಹೀಗಾಗಿ ತಂತ್ರಾಂಶದಲ್ಲಿ ಬೆಂಬಲವಿಲ್ಲವೆಂದು ಫಾಂಟ್ ತಯಾರಕರು, ಫಾಂಟ್‌ಗಳೇ ಇಲ್ಲವೆಂದು ತಂತ್ರಾಂಶ ತಯಾರಕರು, ಎರಡೂ ಇಲ್ಲವೆಂದು ಬಳಕೆದಾರರು ಕಾಯುವ ಸ್ಥಿತಿ ಉಂಟಾಗುತ್ತದೆ.

ಅಡೋಬ್ ಈ ಸ್ಥಿತಿಯನ್ನು ತನ್ನ ಮಟ್ಟಿಗೆ ಮುರಿಯಲು ಸಾಧ್ಯವಾದದ್ದು ಫಾಂಟ್ ಮತ್ತು ಪುಟವಿನ್ಯಾಸ ತಂತ್ರಾಂಶ ಎರಡೂ ಅದರ ಕೈಯಲ್ಲಿದ್ದುದರಿಂದ. 2002ರಲ್ಲಿ ಇನ್‌ಡಿಸೈನ್ 2.0 ಓಪನ್‌ಟೈಪ್ ಸೌಲಭ್ಯಗಳನ್ನು ನೀಡಿತು. ಅದೇ ವರ್ಷದ ಅಂತ್ಯದ ವೇಳೆಗೆ ಅಡೋಬ್ ತನ್ನ ಫಾಂಟ್ ಸಂಗ್ರಹವನ್ನು ಓಪನ್‌ಟೈಪ್‌ಗೆ ಪರಿವರ್ತಿಸಿತು. ಪ್ರತಿಸ್ಪರ್ಧಿ ಕ್ವಾರ್ಕ್‌ಎಕ್ಸ್‌ಪ್ರೆಸ್ ಈ ಹಂತ ತಲುಪಿದ್ದು 2006ರ ಏಳನೆಯ ಆವೃತ್ತಿಯಲ್ಲಿ, ಕೋರೆಲ್‌ಡ್ರಾ 2012ರ ಎಕ್ಸ್6 ಆವೃತ್ತಿಯಲ್ಲಿ.

=== ತಂತ್ರಾಂಶ ತಯಾರಿಕೆಯ ವೆಚ್ಚ ===

ಒಂದು ಸಂಕೇತಕ್ಕೆ ಒಂದು ಅಕ್ಷರರೂಪ ಎಂದು ನಂಬಿ ಬರೆದ ತಂತ್ರಾಂಶವನ್ನು ಹೊಸ ಪದ್ಧತಿಗೆ ತರಲು ಸಣ್ಣ ತಿದ್ದುಪಡಿ ಸಾಲದು. ಹಲವು ಸಂಕೇತಗಳು ಸೇರಿ ಒಂದು ರೂಪವಾದಾಗ ಕರ್ಸರ್ ಎಲ್ಲಿ ನಿಲ್ಲಬೇಕು, ಅಳಿಸುವ ಕೀಲಿ ಒತ್ತಿದರೆ ಎಷ್ಟು ಅಳಿಯಬೇಕು, ಸಾಲನ್ನು ಎಲ್ಲಿ ಮುರಿಯಬೇಕು ಎಂಬುದನ್ನೆಲ್ಲ ಮರುವಿನ್ಯಾಸ ಮಾಡಬೇಕಾಗುತ್ತದೆ. ಆಪಲ್‌ನ ಕ್ವಿಕ್‌ಡ್ರಾ ಜಿಎಕ್ಸ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಅದರ ಲಾಭ ಪಡೆಯಲು ಅನ್ವಯಿಕ ತಂತ್ರಾಂಶಗಳನ್ನು ಬಹುಮಟ್ಟಿಗೆ ಹೊಸದಾಗಿ ಬರೆಯಬೇಕಾಗಿತ್ತು. ಅಂದಿನ ಗಣಕಗಳಿಗೆ ದುಬಾರಿಯಾದಷ್ಟು ಸ್ಮೃತಿಯನ್ನು ಅದು ಬೇಡುತ್ತಿತ್ತು, ಮುದ್ರಣ ವ್ಯವಸ್ಥೆಯನ್ನೂ ಬದಲಿಸುತ್ತಿತ್ತು. ಪ್ರಮುಖ ತಂತ್ರಾಂಶ ಸಂಸ್ಥೆಗಳು ಅದನ್ನು ಕೈಗೆತ್ತಿಕೊಳ್ಳದ ಕಾರಣ ಅದು ಕೆಲವೇ ವರ್ಷಗಳಲ್ಲಿ ಹಿನ್ನೆಲೆಗೆ ಸರಿಯಿತು. ಅದರ ರೂಪ ವ್ಯತ್ಯಾಸದ ತಂತ್ರವೇ 2016ರ ವೇರಿಯಬಲ್ ಫಾಂಟ್‌ಗಳಿಗೆ ತಳಹದಿಯಾಯಿತು.

=== ಕಣ್ಣಿಗೆ ಬೀಳದ ಅನುಕೂಲ ===

ಓಪನ್‌ಟೈಪ್ ಕಡತಗಳನ್ನು ಹಳೆಯ ತಂತ್ರಾಂಶಗಳೂ ಮಟ್ಟಸವಾಗಿ ತೆರೆಯಬಲ್ಲವು. ಟ್ರೂಟೈಪ್ ರೇಖೆಗಳಿರುವ ಓಪನ್‌ಟೈಪ್ ಫಾಂಟ್ ಹೊಸ ಸೌಲಭ್ಯಗಳಿಲ್ಲದ ಕಡೆ ಸಾಮಾನ್ಯ ಟ್ರೂಟೈಪ್ ಫಾಂಟ್‌ನಂತೆ ವರ್ತಿಸುತ್ತದೆ. ಈ ಹೊಂದಾಣಿಕೆಯಿಂದ ಕಡತಗಳು ಬೇಗ ಹರಡಿದವು. ಆದರೆ ಅವುಗಳಲ್ಲಿ ಏನು ಅಡಗಿದೆ ಎಂಬುದು ಬಳಕೆದಾರರಿಗೆ ತಿಳಿಯಲಿಲ್ಲ. ತಂತ್ರಾಂಶಗಳೂ ಈ ಸೌಲಭ್ಯಗಳನ್ನು ಆಳದ ಮೆನುಗಳಲ್ಲಿ ಇರಿಸಿದವು. ವರ್ಡ್ 2010ರಲ್ಲಿ ಸಂಯುಕ್ತಾಕ್ಷರ ಆಯ್ಕೆಗಳು ಫಾಂಟ್ ಸಂವಾದಪೆಟ್ಟಿಗೆಯ ಎರಡನೆಯ ಹಾಳೆಯಲ್ಲಿದ್ದು, ಮೊದಲಿನಿಂದಲೇ ನಿಷ್ಕ್ರಿಯವಾಗಿದ್ದವು. ಕೇಳುವವರು ಕಡಿಮೆಯಾದಾಗ ತಯಾರಕರ ಆದ್ಯತೆಯೂ ಇಳಿಯುತ್ತದೆ.

=== ಹಳೆಯ ಕಡತಗಳ ಹೊರೆ ===

ಪ್ರಕಾಶಕರು ಮತ್ತು ಮುದ್ರಣಾಲಯಗಳ ಬಳಿ ಹಳೆಯ ಫಾಂಟ್‌ಗಳಲ್ಲಿ ಸಿದ್ಧವಾದ ಪುಸ್ತಕಗಳು, ಜಾಹೀರಾತುಗಳು, ಅರ್ಜಿ ನಮೂನೆಗಳು ಸಂಗ್ರಹವಾಗಿರುತ್ತವೆ. ಫಾಂಟ್‌ನ ಹೊಸ ಆವೃತ್ತಿಯಲ್ಲಿ ಅಕ್ಷರದ ಅಗಲ ಕೂದಲೆಳೆಯಷ್ಟು ಬದಲಾದರೂ ಸಾಲುಗಳು ಬೇರೆಡೆ ಮುರಿದು ಪುಟಸಂಖ್ಯೆ, ಸೂಚಿ, ಚಿತ್ರಗಳ ಸ್ಥಾನ ಏರುಪೇರಾಗುತ್ತವೆ. ಕೆಲಸ ನಡೆಯುತ್ತಿರುವ ವ್ಯವಸ್ಥೆಯನ್ನು ಮುಟ್ಟದಿರುವುದೇ ಲೇಸೆಂಬ ಧೋರಣೆ ಇಲ್ಲಿಂದ ಹುಟ್ಟುತ್ತದೆ. ಟೈಪ್ 1 ಫಾಂಟ್‌ಗಳಿಗೆ ಅಡೋಬ್ ತನ್ನ ತಂತ್ರಾಂಶಗಳಲ್ಲಿ ಬೆಂಬಲವನ್ನು ಸಂಪೂರ್ಣ ನಿಲ್ಲಿಸಿದ್ದು 2023ರ ಜನವರಿಯಲ್ಲಿ. ಓಪನ್‌ಟೈಪ್ ಘೋಷಣೆಯಾದ 26 ವರ್ಷಗಳ ಬಳಿಕವೂ ಹಳೆಯ ಸ್ವರೂಪ ಜೀವಂತವಾಗಿತ್ತು.

=== ಪೈಪೋಟಿಯ ಸ್ವರೂಪಗಳು ===

ಒಂದೇ ಉದ್ದೇಶಕ್ಕೆ ಹಲವು ಸ್ವರೂಪಗಳು ಹುಟ್ಟಿಕೊಂಡಾಗ ಎಲ್ಲರೂ ಕಾದು ನೋಡುತ್ತಾರೆ. ಜಾಲತಾಣಗಳಲ್ಲಿ ಫಾಂಟ್ ಬಳಸುವ ವಿಧಾನವನ್ನು 1998ರ ಸಿಎಸ್‌ಎಸ್ 2 ವಿವರಣೆ ಒಳಗೊಂಡಿತ್ತು. ಇಂಟರ್ನೆಟ್ ಎಕ್ಸ್‌ಪ್ಲೋರರ್ ಎಂಬೆಡೆಡ್ ಓಪನ್‌ಟೈಪ್ ಎಂಬ ಸ್ವರೂಪವನ್ನೂ ನೆಟ್‌ಸ್ಕೇಪ್ ಟ್ರೂಡಾಕ್ ಎಂಬ ಇನ್ನೊಂದನ್ನೂ ಆರಿಸಿಕೊಂಡವು. ಒಂದರದು ಇನ್ನೊಂದರಲ್ಲಿ ನಡೆಯುತ್ತಿರಲಿಲ್ಲ. ಸುಮಾರು ಹತ್ತು ವರ್ಷಗಳ ಕಾಲ ಜಾಲತಾಣಗಳ ವಿನ್ಯಾಸಕರು ಓದುಗರ ಗಣಕದಲ್ಲಿರಬಹುದಾದ ಕೆಲವೇ ಫಾಂಟ್‌ಗಳಿಗೆ ಸೀಮಿತರಾದರು. 2008ರಲ್ಲಿ ಸಫಾರಿ 3.1, 2009ರಲ್ಲಿ ಫೈರ್‌ಫಾಕ್ಸ್ 3.5 ಸಾಮಾನ್ಯ ಫಾಂಟ್ ಕಡತಗಳನ್ನೇ ನೇರವಾಗಿ ಸ್ವೀಕರಿಸತೊಡಗಿದ ಮೇಲೆ ಈ ಸ್ಥಗಿತತೆ ಮುರಿಯಿತು.

ಬಣ್ಣದ ಫಾಂಟ್‌ಗಳಲ್ಲಿಯೂ ಇದೇ ಮರುಕಳಿಸಿತು. ಆಪಲ್, ಗೂಗಲ್ ಮತ್ತು ಮೈಕ್ರೋಸಾಫ್ಟ್ ಒಂದೊಂದು ವಿಧಾನವನ್ನು, ಅಡೋಬ್ ಮತ್ತು ಮೊಜಿಲ್ಲಾ ಕೂಡಿ ಮತ್ತೊಂದನ್ನು ಮುಂದಿಟ್ಟವು. ನಾಲ್ಕೂ ಓಪನ್‌ಟೈಪ್ ವಿವರಣೆಯಲ್ಲಿ ಸ್ಥಾನ ಪಡೆದವು. ಎಲ್ಲೆಡೆ ಕಾಣಬೇಕೆಂದು ಬಯಸುವ ವಿನ್ಯಾಸಕರು ಒಂದೇ ಫಾಂಟ್ ಅನ್ನು ಹಲವು ಬಗೆಯಲ್ಲಿ ಸಿದ್ಧಪಡಿಸಬೇಕಾಯಿತು.

=== ಪರವಾನಗಿ ಮತ್ತು ವ್ಯಾಪಾರ ===

ಫಾಂಟ್ ಸಂಸ್ಥೆಗಳು ಬಹುಕಾಲ ತೆಳು, ಸಾಮಾನ್ಯ, ದಪ್ಪ ಎಂಬ ಪ್ರತಿಯೊಂದು ಶೈಲಿಯನ್ನೂ ಪ್ರತ್ಯೇಕ ಕಡತವಾಗಿ ಮಾರುತ್ತಿದ್ದವು. ಎಲ್ಲ ಶೈಲಿಗಳೂ ಒಂದೇ ಕಡತದಲ್ಲಿರುವ ವೇರಿಯಬಲ್ ಫಾಂಟ್ ಈ ಬೆಲೆಯ ಪದ್ಧತಿಯನ್ನೇ ಪ್ರಶ್ನಿಸುತ್ತದೆ. ಖರೀದಿದಾರರಿಗೂ ಈಗಾಗಲೇ ಹಣ ಕೊಟ್ಟ ಫಾಂಟ್‌ಗಳಿಗೆ ಮತ್ತೆ ಹಣ ತೆರುವ ಹಿಂಜರಿಕೆ ಇರುತ್ತದೆ. ಜಾಲತಾಣದಲ್ಲಿ ಇಟ್ಟ ಫಾಂಟ್ ಅನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದೆಂಬ ಆತಂಕವೂ ಜಾಲ ಫಾಂಟ್‌ಗಳಿಗೆ ಅಡ್ಡಿಯಾಗಿತ್ತು. ಗಣಕದಲ್ಲಿ ನೇರವಾಗಿ ಸ್ಥಾಪಿಸಲಾಗದ, ಆದರೆ ಬ್ರೌಸರ್‌ಗಳು ಸುಲಭವಾಗಿ ಓದಬಲ್ಲ ವೋಫ್ ಸ್ವರೂಪವು ಎರಡೂ ಪಕ್ಷಗಳು ಒಪ್ಪಿದ ಮಧ್ಯಮಾರ್ಗವಾಯಿತು.

=== ಭದ್ರತೆ ===

ನಿಯಮಗಳು ಹೆಚ್ಚಿದಷ್ಟೂ ಫಾಂಟ್ ಓದುವ ತಂತ್ರಾಂಶ ಸಂಕೀರ್ಣವಾಗಿ ದೋಷಗಳಿಗೆ ಎಡೆಯಾಗುತ್ತದೆ. ಅಪರಿಚಿತ ಜಾಲತಾಣದಿಂದ ಬರುವ ಫಾಂಟ್ ದಾಳಿಯ ಸಾಧನವಾಗಬಹುದು. ಆದ್ದರಿಂದ ಕ್ರೋಮ್, ಫೈರ್‌ಫಾಕ್ಸ್ ಮುಂತಾದ ಬ್ರೌಸರ್‌ಗಳು ಫಾಂಟ್ ಕಡತವನ್ನು ಪರೀಕ್ಷಿಸಿ ತಮಗೆ ಪರಿಚಯವಿಲ್ಲದ ಭಾಗಗಳನ್ನು ಕಿತ್ತುಹಾಕುತ್ತವೆ. 2016ರಲ್ಲಿ ಭದ್ರತಾ ದೋಷಗಳ ಕಾರಣ ಫೈರ್‌ಫಾಕ್ಸ್ ಗ್ರಾಫೈಟ್ ಬೆಂಬಲವನ್ನು ತಾತ್ಕಾಲಿಕವಾಗಿ ನಿಲ್ಲಿಸಿತ್ತು.

== ಕನ್ನಡ ಲಿಪಿಯಲ್ಲಿ ==

ಕನ್ನಡದಲ್ಲಿ ಬರೆಯುವ ಕ್ರಮಕ್ಕೂ ಕಾಣುವ ಕ್ರಮಕ್ಕೂ ಎಲ್ಲ ಕಡೆ ಹೊಂದಿಕೆಯಿಲ್ಲ. ‘ಸ್ತ್ರೀ’ ಎಂಬ ಅಕ್ಷರ ಯೂನಿಕೋಡ್‌ನಲ್ಲಿ ಸ, ವಿರಾಮ, ತ, ವಿರಾಮ, ರ ಮತ್ತು ಈಕಾರದ ಚಿಹ್ನೆ ಎಂಬ ಆರು ಸಂಕೇತಗಳಾಗಿ ಶೇಖರವಾಗುತ್ತದೆ. ಅದು ತೆರೆಯ ಮೇಲೆ ಮೂಡುವಾಗ ಗುಡಿಸು ಸಕಾರಕ್ಕೆ ಅಂಟಿಕೊಳ್ಳಬೇಕು, ತಕಾರ ಮತ್ತು ರಕಾರಗಳು ಒತ್ತಕ್ಷರಗಳಾಗಬೇಕು, ದೀರ್ಘದ ಚಿಹ್ನೆ ಅವುಗಳ ನಂತರ ಕೊನೆಗೆ ಬರಬೇಕು. ‘ಸೂರ್ಯ’ ಪದದಲ್ಲಿ ಯಕಾರಕ್ಕಿಂತ ಮೊದಲು ದಾಖಲಾದ ರಕಾರ ಅರ್ಕಾವೊತ್ತಾಗಿ ಯಕಾರದ ನಂತರ ಕಾಣಿಸಿಕೊಳ್ಳಬೇಕು. ಈ ನಿಯಮಗಳು ಫಾಂಟ್‌ನಲ್ಲಿಯೂ ಎಂಜಿನ್‌ನಲ್ಲಿಯೂ ಇಲ್ಲದಿದ್ದರೆ ಅಕ್ಷರಗಳು ಬಿಡಿಬಿಡಿಯಾಗಿ ಕಾಣುತ್ತವೆ. ಆದ್ದರಿಂದ ಕನ್ನಡಕ್ಕೆ ಸುಧಾರಿತ ಫಾಂಟ್ ಸ್ವರೂಪ ಅನಿವಾರ್ಯ.

=== ಹಳೆಯ ಸಂಕೇತದ ಫಾಂಟ್‌ಗಳು ===

ಕನ್ನಡ ಲಿಪಿಗೆ 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಸ್ಥಾನ ದೊರೆತಿತ್ತು. ಆದರೆ ವಿಂಡೋಸ್‌ನಲ್ಲಿ ಕನ್ನಡದ ಬೆಂಬಲ ಮತ್ತು ತುಂಗಾ ಎಂಬ ಓಪನ್‌ಟೈಪ್ ಫಾಂಟ್ ಬಂದದ್ದು 2001ರ ಎಕ್ಸ್‌ಪಿ ಆವೃತ್ತಿಯೊಂದಿಗೆ. ಪತ್ರಿಕೆಗಳು, ಪ್ರಕಾಶಕರು ಮತ್ತು ಕಚೇರಿಗಳು ಅಲ್ಲಿಯವರೆಗೆ ಕಾಯುವಂತಿರಲಿಲ್ಲ. ಅಕ್ಷರಗಳನ್ನು ತಲೆಕಟ್ಟು, ಗುಡಿಸು, ಒತ್ತು ಮೊದಲಾದ ತುಣುಕುಗಳಾಗಿ ಒಡೆದು, ರೋಮನ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕೂರಿಸಿ ಎಂಟು ಬಿಟ್‌ಗಳ ಫಾಂಟ್‌ಗಳನ್ನು ತಯಾರಿಸಲಾಯಿತು. ಶ್ರೀಲಿಪಿ, ಬರಹ ಮತ್ತು ಕನ್ನಡ ಗಣಕ ಪರಿಷತ್ತಿನ ನುಡಿ ಮುಂತಾದ ತಂತ್ರಾಂಶಗಳು ಇಂತಹ ಫಾಂಟ್‌ಗಳ ಮೂಲಕ ಗಣಕದಲ್ಲಿ ಕನ್ನಡವನ್ನು ಬಳಕೆಗೆ ತಂದವು. ನುಡಿ ಮತ್ತು ಬರಹ ನಂತರ ಯೂನಿಕೋಡ್ ಸೌಲಭ್ಯವನ್ನೂ ಅಳವಡಿಸಿಕೊಂಡವು.

ಈ ಪರಿಹಾರವು ಅಂದಿನ ಅಗತ್ಯವನ್ನು ಪೂರೈಸಿತು. ಮುಂದೆ ಅದೇ ಹೊಸ ಸ್ವರೂಪಕ್ಕೆ ತಡೆಯೂ ಆಯಿತು. ಡಿಟಿಪಿ ಕೇಂದ್ರಗಳಲ್ಲಿ ಹೆಚ್ಚು ಬಳಕೆಯಲ್ಲಿದ್ದ ಪೇಜ್‌ಮೇಕರ್ ತಂತ್ರಾಂಶ 2001ರ ತನ್ನ ಕೊನೆಯ ಪ್ರಮುಖ ಆವೃತ್ತಿಯಲ್ಲಿಯೂ ಯೂನಿಕೋಡ್ ಬೆಂಬಲಿಸಲಿಲ್ಲ. ಅದರಲ್ಲಿ ಕೆಲಸ ಮಾಡುವವರಿಗೆ ಹಳೆಯ ಫಾಂಟ್ ಒಂದೇ ದಾರಿಯಾಗಿತ್ತು. ಲೇಖಕರು ಯೂನಿಕೋಡ್‌ನಲ್ಲಿ ಕಳುಹಿಸಿದ ಬರಹವನ್ನು ಪುಟವಿನ್ಯಾಸಕ್ಕಾಗಿ ಹಳೆಯ ಸಂಕೇತಕ್ಕೆ, ಮುದ್ರಿತ ಬರಹವನ್ನು ಜಾಲತಾಣಕ್ಕಾಗಿ ಮತ್ತೆ ಯೂನಿಕೋಡ್‌ಗೆ ಪರಿವರ್ತಿಸುವ ಪರಿಪಾಠ ಬೆಳೆಯಿತು. ಪ್ರತಿ ಪರಿವರ್ತನೆಯಲ್ಲಿಯೂ ಅರ್ಕಾವೊತ್ತು, ದೀರ್ಘ ಮತ್ತು ಅಪರೂಪದ ಒತ್ತಕ್ಷರಗಳು ಕೆಡುವ ಸಂಭವವಿದೆ.

=== ಎಂಜಿನ್ ಮತ್ತು ತಂತ್ರಾಂಶದ ಅಂತರ ===

ಇನ್‌ಡಿಸೈನ್‌ನಲ್ಲಿ ಕನ್ನಡ ಸೇರಿದಂತೆ ಹತ್ತು ಭಾರತೀಯ ಭಾಷೆಗಳಿಗೆ ಅಧಿಕೃತ ಬೆಂಬಲ ದೊರೆತದ್ದು 2012ರ ಸಿಎಸ್6 ಆವೃತ್ತಿಯಲ್ಲಿ. ಆಗಲೂ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಬಳಕೆದಾರರೇ ಆರಿಸಬೇಕಾಗಿತ್ತು. ಅದನ್ನು ತಿಳಿಯದವರಿಗೆ ಒತ್ತಕ್ಷರಗಳು ಒಡೆದು ಕಾಣುತ್ತಿದ್ದವು, ಫಾಂಟ್ ಸರಿಯಿಲ್ಲವೆಂಬ ತಪ್ಪು ತೀರ್ಮಾನಕ್ಕೆ ಅದು ಎಡೆಮಾಡುತ್ತಿತ್ತು. ಆಂಡ್ರಾಯ್ಡ್ ದೂರವಾಣಿಗಳಲ್ಲಿ ಕನ್ನಡದ ಬೆಂಬಲ ಬಂದದ್ದೂ 2012ರ 4.1 ಆವೃತ್ತಿಯಲ್ಲಿಯೇ.

ಮಾನಕಗಳು ನಡುವೆ ಬದಲಾದದ್ದು ಇನ್ನೊಂದು ತೊಡಕು. ಓಪನ್‌ಟೈಪ್‌ನಲ್ಲಿ ಕನ್ನಡ ಲಿಪಿಗೆ ಮೊದಲು ಒಂದು ಗುರುತು ನೀಡಲಾಗಿತ್ತು. ನಂತರ ಭಾರತೀಯ ಲಿಪಿಗಳ ವಿವರಣೆಯನ್ನು ಪರಿಷ್ಕರಿಸಿ ಎರಡನೆಯ ಗುರುತು ಸೇರಿಸಲಾಯಿತು. ಹಳೆಯ ನಿಯಮದಲ್ಲಿ ಒತ್ತಕ್ಷರ ರಚನೆಗೆ ವ್ಯಂಜನದ ನಂತರ ವಿರಾಮವನ್ನು ಇರಿಸಲಾಗುತ್ತಿತ್ತು, ಹೊಸ ನಿಯಮದಲ್ಲಿ ವಿರಾಮದ ನಂತರ ವ್ಯಂಜನ ಬರುತ್ತದೆ. ಹಳೆಯ ಮತ್ತು ಹೊಸ ಎಂಜಿನ್‌ಗಳೆರಡರಲ್ಲಿಯೂ ಸರಿಯಾಗಿ ಕಾಣಬೇಕಾದ ಫಾಂಟ್ ಎರಡೂ ಬಗೆಯ ನಿಯಮಗಳನ್ನು ಒಳಗೊಳ್ಳಬೇಕಾಯಿತು.

‘ರ‍್ಯಾಂಕ್’, ‘ರ‍್ಯಾಲಿ’ ಮುಂತಾದ ಪದಗಳಲ್ಲಿ ಅರ್ಕಾವೊತ್ತಿನ ಬದಲು ರಕಾರದ ಕೆಳಗೆ ಯಕಾರದ ಒತ್ತು ಬರಬೇಕು. ಇದಕ್ಕಾಗಿ ರಕಾರ ಮತ್ತು ವಿರಾಮದ ನಡುವೆ ಶೂನ್ಯ ಅಗಲದ ಜೋಡಕ ಎಂಬ ಅದೃಶ್ಯ ಸಂಕೇತವನ್ನು ಯೂನಿಕೋಡ್ ವಿಧಿಸಿದೆ. ಕೀಲಿಮಣೆ ಅದನ್ನು ಮೂಡಿಸಬೇಕು, ಎಂಜಿನ್ ಅರ್ಥಮಾಡಿಕೊಳ್ಳಬೇಕು, ಫಾಂಟ್ ಸೂಕ್ತ ರೂಪ ನೀಡಬೇಕು. ಮೂರರಲ್ಲಿ ಒಂದು ತಪ್ಪಿದರೂ ಪದ ಬೇರೆಯಾಗಿ ಕಾಣುತ್ತದೆ.

== ಪರಿಣಾಮಗಳು ==

ಹಳೆಯ ಸಂಕೇತದಲ್ಲಿರುವ ಕನ್ನಡ ಬರಹ ಗಣಕದ ದೃಷ್ಟಿಯಲ್ಲಿ ಕನ್ನಡವೇ ಅಲ್ಲ, ಅದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಾಲು. ನಿರ್ದಿಷ್ಟ ಫಾಂಟ್ ಇಲ್ಲದ ಗಣಕದಲ್ಲಿ ತೆರೆದರೆ ಅರ್ಥವಿಲ್ಲದ ಅಕ್ಷರಗಳು ಕಾಣುತ್ತವೆ. ಶೋಧ ಯಂತ್ರಗಳಿಗೆ ಅದು ಸಿಗುವುದಿಲ್ಲ. ಅಕಾರಾದಿಯಾಗಿ ಜೋಡಿಸುವುದು, ಕಾಗುಣಿತ ಪರೀಕ್ಷೆ, ಯಂತ್ರಾನುವಾದ, ದೃಷ್ಟಿಹೀನರಿಗಾಗಿ ಪಠ್ಯವನ್ನು ಧ್ವನಿಯಾಗಿಸುವುದು ಯಾವುದೂ ಅದರ ಮೇಲೆ ನೇರವಾಗಿ ನಡೆಯುವುದಿಲ್ಲ. ಫಾಂಟ್ ಕಡತ ಕಳೆದುಹೋದರೆ ಪಠ್ಯವನ್ನು ಮರಳಿ ಪಡೆಯಲು ಅದರ ಸಂಕೇತಪಟ್ಟಿಯನ್ನು ಪುನಾರಚಿಸಬೇಕಾಗುತ್ತದೆ.

ಯೂನಿಕೋಡ್ ಫಾಂಟ್ ಬಳಸಿದ ಪಿಡಿಎಫ್ ಕಡತಗಳಲ್ಲಿಯೂ ಸಮಸ್ಯೆ ಪೂರ್ತಿ ಅಳಿದಿಲ್ಲ. ಪಿಡಿಎಫ್ ಮುಖ್ಯವಾಗಿ ಕಾಣುವ ರೂಪಗಳನ್ನು ದಾಖಲಿಸುವುದರಿಂದ ಮೂಲ ಸಂಕೇತಗಳ ಮಾಹಿತಿ ಸರಿಯಾಗಿ ಸೇರದಿದ್ದಲ್ಲಿ ನಕಲು ಮಾಡಿದ ಪಠ್ಯದಲ್ಲಿ ಅಕ್ಷರಗಳ ಕ್ರಮ ತಪ್ಪುತ್ತದೆ.

== ಅಳವಡಿಕೆ ವೇಗ ಪಡೆದ ಸಂದರ್ಭಗಳು ==

ಕೆಲವು ಸ್ವರೂಪಗಳು ಬೇಗ ಹರಡಿವೆ. ಟ್ರೂಟೈಪ್ ಕಾರ್ಯಾಚರಣ ವ್ಯವಸ್ಥೆಗಳ ಜೊತೆಯಲ್ಲಿಯೇ ಬಂದಿತು, ಬಳಕೆದಾರರು ಪ್ರತ್ಯೇಕವಾಗಿ ಏನನ್ನೂ ಕೊಳ್ಳಬೇಕಾಗಿರಲಿಲ್ಲ. ವೋಫ್‌ಗೆ ಬ್ರೌಸರ್ ತಯಾರಕರು ಮತ್ತು ಫಾಂಟ್ ಸಂಸ್ಥೆಗಳು ಮೊದಲೇ ಒಪ್ಪಿಗೆ ಸೂಚಿಸಿದ್ದರು. ಎಮೋಜಿಗಳ ಜನಪ್ರಿಯತೆ ಬಣ್ಣದ ಫಾಂಟ್‌ಗಳನ್ನು ಪ್ರತಿಯೊಂದು ದೂರವಾಣಿಗೂ ತಲುಪಿಸಿತು.

ವೇರಿಯಬಲ್ ಫಾಂಟ್‌ಗಳ ಇತಿಹಾಸ ಎರಡೂ ಬಗೆಯ ವೇಗವನ್ನು ತೋರಿಸುತ್ತದೆ. ಘೋಷಣೆಯಾದ ಎರಡು ವರ್ಷಗಳೊಳಗೆ, 2018ರ ಸೆಪ್ಟೆಂಬರ್ ವೇಳೆಗೆ, ಸಫಾರಿ, ಕ್ರೋಮ್, ಎಡ್ಜ್ ಮತ್ತು ಫೈರ್‌ಫಾಕ್ಸ್ ನಾಲ್ಕೂ ಬ್ರೌಸರ್‌ಗಳು ಅವನ್ನು ಬೆಂಬಲಿಸಿದವು. ಹಲವು ಕಡತಗಳ ಬದಲು ಒಂದನ್ನೇ ಕಳುಹಿಸುವುದರಿಂದ ಆಗುವ ಉಳಿತಾಯ ಜಾಲತಾಣಗಳಿಗೆ ನೇರ ಲಾಭವಾಗಿತ್ತು. ಕಚೇರಿ ಕೆಲಸದ ಪದಸಂಸ್ಕಾರಕಗಳಲ್ಲಿ ಅಂತಹ ಒತ್ತಡವಿಲ್ಲದ್ದರಿಂದ ಬೆಂಬಲ ಬಹಳ ಹಿಂದುಳಿಯಿತು.

ಕನ್ನಡದಲ್ಲಿ ಮುಕ್ತ ಪರವಾನಗಿಯ ಫಾಂಟ್‌ಗಳು ಮತ್ತು ಮುಕ್ತ ಎಂಜಿನ್‌ಗಳು ಅಳವಡಿಕೆಯನ್ನು ಚುರುಕುಗೊಳಿಸಿದವು. ಲೋಹಿತ್ ಕನ್ನಡ, ಗುಬ್ಬಿ, ನವಿಲು, ಗೂಗಲ್‌ನ ನೋಟೋ ಸರಣಿಯ ಕನ್ನಡ ಫಾಂಟ್‌ಗಳು ಯಾವುದೇ ಶುಲ್ಕವಿಲ್ಲದೆ ದೊರೆಯುತ್ತವೆ. ಮುಂಬಯಿಯ ಏಕ್ ಟೈಪ್ ರೂಪಿಸಿದ ಅನೇಕ್ ಕನ್ನಡ, ದಪ್ಪ ಮತ್ತು ಅಗಲ ಎರಡನ್ನೂ ಹೊಂದಿಸಬಹುದಾದ ವೇರಿಯಬಲ್ ಫಾಂಟ್ ಆಗಿದೆ. ಒಂದೇ ಹಾರ್ಫ್‌ಬಜ್ ಎಂಜಿನ್ ಹಲವು ತಂತ್ರಾಂಶಗಳಲ್ಲಿ ಸೇರಿಕೊಂಡಿರುವುದರಿಂದ ಅಲ್ಲಿ ಸರಿಪಡಿಸಿದ ಕನ್ನಡದ ದೋಷ ಕಾಲಕ್ರಮದಲ್ಲಿ ಅವೆಲ್ಲವುಗಳಲ್ಲಿಯೂ ಸರಿಯಾಗುತ್ತದೆ.

== ಇವನ್ನೂ ನೋಡಿ ==

* ಯೂನಿಕೋಡ್
* ಓಪನ್‌ಟೈಪ್
* ಕನ್ನಡ ಲಿಪಿ
* ನುಡಿ (ತಂತ್ರಾಂಶ)
* ಬರಹ (ತಂತ್ರಾಂಶ)